ಜೋಳದ ತೆನೆಯಲ್ಲಿ ಕಪ್ಪು ಪುಡಿ: ಬೀಜವೇ, ಬೀಜಕವೇ?

ಪ್ರಶ್ನೆ (ಚಳ್ಳಕೆರೆ ತಾಲ್ಲೂಕು): ನಮ್ಮ ಬಿಳಿಜೋಳದ ಕೆಲವು ತೆನೆಗಳಲ್ಲಿ ಕಾಳುಗಳು ಉದ್ದವಾಗಿ ಬೂದುಬಣ್ಣಕ್ಕೆ ತಿರುಗಿವೆ. ಹಿಸುಕಿದರೆ ಕಪ್ಪು ಪುಡಿ. ಪಿಯುಸಿ ಓದುವ ಮಗಳು ಇದನ್ನು ಬೀಜಕ ಎನ್ನುತ್ತಾಳೆ. ಬೀಜಕ್ಕೂ ಬೀಜಕಕ್ಕೂ ಏನು ವ್ಯತ್ಯಾಸ? ಈಗ ಔಷಧಿ ಸಿಂಪಡಿಸಬಹುದೇ?

ಉತ್ತರ (ಸಸ್ಯರೋಗ ತಜ್ಞ): ಸಿಂಪಡಿಸಬೇಡಿ, ದುಡ್ಡು ದಂಡ. ಮಗಳು ಹೇಳಿದ್ದು ಸರಿ. ಇದು ಕಾಡಿಗೆ ರೋಗ; ಕಾಳು ಕಟ್ಟಬೇಕಾದ ಜಾಗವನ್ನು ಶಿಲೀಂಧ್ರ ತನ್ನ ಬೀಜಕಗಳಿಂದ ತುಂಬಿಬಿಟ್ಟಿದೆ.

ಜೋಳದ ಕಾಳು ಬುತ್ತಿ ಕಟ್ಟಿಕೊಂಡು ಹೊರಟ ಪಯಣಿಗನಂತೆ. ಒಳಗೆ ಪರಾಗಸ್ಪರ್ಶದ ನಂತರ ರೂಪುಗೊಂಡ ಭ್ರೂಣ, ಅದರ ಊಟಕ್ಕೆ ಪಿಷ್ಟ, ಮೇಲೊಂದು ಹೊದಿಕೆ. ಬೀಜಕದಲ್ಲಿ ಭ್ರೂಣವೇ ಇಲ್ಲ. ಸಾಮಾನ್ಯವಾಗಿ ಅದೊಂದು ಜೀವಕೋಶ ಅಷ್ಟೆ. ಈ ಕಾಡಿಗೆಯ ಬೀಜಕವಂತೂ ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಚಿಕ್ಕದು. ಬುತ್ತಿ ಅತ್ಯಲ್ಪವಾದ್ದರಿಂದ ಬಿದ್ದವುಗಳಲ್ಲಿ ಬಹುಪಾಲು ಸಾಯುತ್ತವೆ. ಅದಕ್ಕೇ ಶಿಲೀಂಧ್ರ ಒಂದೊಂದು ಕಾಳಿನ ಜಾಗದಲ್ಲೂ ಲಕ್ಷಗಟ್ಟಲೆ ತಯಾರಿಸುತ್ತದೆ.

ಒಕ್ಕಣೆಯಲ್ಲಿ ಈ ಪುಡಿ ಸಿಡಿದು ಒಳ್ಳೆಯ ಕಾಳಿಗೂ ಅಂಟುತ್ತದೆ. ಬಿತ್ತಿದ ಮೇಲೆ ಕಾಳಿನ ಜೊತೆಗೇ ಮೊಳೆತು, ಎಳೆ ಸಸಿಯನ್ನು ಹೊಕ್ಕು, ತೆನೆ ಬರುವವರೆಗೂ ಸುಳಿವು ಕೊಡದೆ ಬೆಳೆಯುತ್ತದೆ. ನಿಮಗೆ ಕಾಣಿಸಿದ್ದು ಈಗ, ರೋಗ ತಗುಲಿದ್ದು ಬಿತ್ತನೆಯ ಹೊತ್ತಿಗೆ. ರೋಗದ ತೆನೆಗಳನ್ನು ಒಕ್ಕಣೆಗೆ ಮೊದಲೇ ಕತ್ತರಿಸಿ, ಬಟ್ಟೆ ಚೀಲದಲ್ಲಿ ತುಂಬಿ ಕುದಿಯುವ ನೀರಿನಲ್ಲಿ ಅದ್ದಿ. ಮುಂದಿನ ಬಿತ್ತನೆಗೆ ಕಿಲೋ ಬೀಜಕ್ಕೆ 4 ಗ್ರಾಂ ಗಂಧಕದ ಪುಡಿಯಿಂದ ಬೀಜೋಪಚಾರ ಮಾಡಿ.

ಪ್ರಶ್ನೆ (ದಾವಣಗೆರೆ): ಅಣಬೆ ಬೆಳೆಯಲು ‘ಅಣಬೆ ಬೀಜ’ ತಂದೆ. ಪೊಟ್ಟಣದಲ್ಲಿರುವುದು ಬೂಷ್ಟು ಹಿಡಿದಂಥ ಜೋಳ! ಮೋಸ ಹೋದೆನೇ?

ಉತ್ತರ: ಇಲ್ಲ. ಆ ಬಿಳಿ ಎಳೆಗಳೇ ಅಣಬೆಯ ಶಿಲೀಂಧ್ರ. ಬೇಯಿಸಿ, ಕ್ರಿಮಿಶುದ್ಧ ಮಾಡಿದ ಜೋಳದ ಮೇಲೆ ಅದನ್ನು ಬೆಳೆಸಿರುತ್ತಾರೆ. ಆ ಜೋಳ ಇನ್ನು ಮೊಳೆಯದು, ಅದು ಬರೀ ಆಹಾರ. ಅಣಬೆಯ ಬೀಜಕಗಳು ಬೇಕಾದರೆ ಅರಳಿದ ಕೊಡೆಯನ್ನು ತೊಟ್ಟು ತೆಗೆದು ಕಪ್ಪು ಕಾಗದದ ಮೇಲೆ ರಾತ್ರಿಯಿಡೀ ಬೋರಲು ಇಡಿ. ಚಿಪ್ಪಣಬೆಯಾದರೆ ಬೆಳಿಗ್ಗೆ ಬಿಳಿ ಪುಡಿಯ ಗೆರೆಗಳು ಮೂಡಿರುತ್ತವೆ. ಮುಚ್ಚಿದ ಕೋಣೆಯಲ್ಲಿ ಬೆಳೆಯುವವರು ಮುಖಗವಸು ಹಾಕಿಕೊಳ್ಳಲೇಬೇಕು, ಈ ಪುಡಿ ಶ್ವಾಸಕೋಶಕ್ಕೆ ಆಗದು.

ಪ್ರಶ್ನೆ (ಚಳ್ಳಕೆರೆಯ ಅದೇ ಮನೆಯಿಂದ, ಮಗಳು): ಸರ್, ಹಾಗಾದರೆ ಸಸ್ಯಗಳಲ್ಲಿ ಬೀಜಕ ಇರುವುದಿಲ್ಲವೇ?

ಉತ್ತರ: ಒಳ್ಳೆಯ ಪ್ರಶ್ನೆ. ಜರೀಗಿಡದ ಎಲೆಯ ಹಿಂಬದಿಯ ಕಂದು ಚುಕ್ಕೆಗಳಲ್ಲಿರುವುದು ಬೀಜಕಗಳೇ. ಅವು ಮೊಳೆತರೆ ನೇರವಾಗಿ ಜರೀಗಿಡ ಬರುವುದಿಲ್ಲ. ಮೊದಲು ಉಗುರಿಗಿಂತ ಚಿಕ್ಕ ಹಸಿರು ಹಾಳೆ, ಅದರ ಮೇಲೆ ಗಂಡು ಹೆಣ್ಣು ಕೋಶಗಳು ಕೂಡಿದ ನಂತರವೇ ಗಿಡ. ನಿಮ್ಮ ಹೊಲದ ಜೋಳವೂ ಬೀಜಕವನ್ನು ಕೈಬಿಟ್ಟಿಲ್ಲ: ಪ್ರತಿ ಪರಾಗರೇಣುವೂ ಒಂದು ಬೀಜಕದಿಂದಲೇ ಬೆಳೆದದ್ದು.