ವಾಟಲ್ ಗಿಡವನ್ನು ಜಾಲಿ ಎನ್ನಬಹುದೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಆಸ್ಟ್ರೇಲಿಯದ ಹೂಗಿಡಗಳ ಕುರಿತು ಮಕ್ಕಳಿಗಾಗಿ ಲೇಖನವೊಂದನ್ನು ಬರೆಯುತ್ತಿದ್ದೇನೆ. 1988ರಿಂದ ಆ ದೇಶದ ರಾಷ್ಟ್ರಪುಷ್ಪವಾಗಿರುವುದು ಗೋಲ್ಡನ್ ವಾಟಲ್. ಶಾಸ್ತ್ರೀಯ ಹೆಸರು ಅಕೇಸಿಯ ಪಿಕ್ನಾಂತ. ಅಕೇಸಿಯ ಎಂದರೆ ಜಾಲಿ ಎಂದೇ ನಾವು ಓದಿಕೊಂಡು ಬಂದವರು. ಹಾಗಾದರೆ ಇದನ್ನು ‘ಹೊಂಜಾಲಿ’ ಎನ್ನೋಣವೇ? ಕಿವಿಗೇನೋ ಹಿತವಾಗಿದೆ, ಮನಸ್ಸು ಒಪ್ಪುತ್ತಿಲ್ಲ.

ಜಾಲಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಮುಳ್ಳು. ಆಸ್ಟ್ರೇಲಿಯದ ಸುಮಾರು ಸಾವಿರ ಅಕೇಸಿಯಗಳಲ್ಲಿ ಬಹುಪಾಲಿಗೆ ಮುಳ್ಳೇ ಇಲ್ಲ. ಹೆಚ್ಚಿನವಕ್ಕೆ ಜಾಲಿಯ ಗರಿಯಂಥ ಎಲೆಯೂ ಇಲ್ಲ. ತೊಟ್ಟೇ ಚಪ್ಪಟೆಯಾಗಿ ಎಲೆಯ ಕೆಲಸ ಮಾಡುತ್ತದೆ. ಅಲ್ಲಿಂದ ಬಂದು ನಮ್ಮ ಮಲೆನಾಡಿನ ನೆಡುತೋಪುಗಳನ್ನು ತುಂಬಿರುವ ಅಕೇಶಿಯವೂ ಇದೇ ಬಗೆಯದು. ಅದರ ಎಳೆಯ ಸಸಿಯನ್ನು ಹತ್ತಿರದಿಂದ ನೋಡಿ: ಮೊದಲ ಎಲೆಗಳು ಥೇಟ್ ಜಾಲಿಯವೇ. ಮೇಲೇರಿದಂತೆ ತೊಟ್ಟು ಅಗಲವಾಗುತ್ತದೆ, ತುದಿಯಲ್ಲಿ ಗರಿಯ ಚೂರಷ್ಟೇ ಉಳಿಯುತ್ತದೆ, ಆಮೇಲೆ ಅದೂ ಇಲ್ಲ. ನಂಟಸ್ತಿಕೆ ಇರುವುದು ನಿಜ.

ಆದರೆ ಹೆಸರಿನ ಮಟ್ಟಿಗೆ ಅಕೇಸಿಯ ಕುಲ ಈಗ ಪಾಲಾಗಿದೆ. ಕುಲವೊಂದು ಒಡೆದರೆ ಹಳೆಯ ಹೆಸರು ಅದರ ಮಾದರಿ ಪ್ರಭೇದದ, ಎಂದರೆ ಕುಲದ ಹೆಸರಿಗೆ ಆಧಾರವೆಂದು ಗೊತ್ತುಮಾಡಿದ ಗಿಡದ, ಕಡೆಗೆ ಉಳಿಯಬೇಕೆಂಬುದು ನಿಯಮ. ಅಕೇಸಿಯದ ಮಾದರಿ ನಮ್ಮ ಹೊಲದಂಚಿನ ಕರಿಜಾಲಿಯಾಗಿತ್ತು. 2005ರ ವಿಯೆನ್ನಾ ಸಸ್ಯವಿಜ್ಞಾನ ಸಮ್ಮೇಳನದಲ್ಲಿ ಆ ಮಾದರಿಯನ್ನೇ ಬದಲಿಸಿ ಆಸ್ಟ್ರೇಲಿಯದ ಪ್ರಭೇದವೊಂದನ್ನು ತಂದು ಕೂರಿಸಿದರು. 2011ರಲ್ಲಿ ಮೆಲ್ಬರ್ನ್‌ನಲ್ಲಿ ಅದೇ ಗಟ್ಟಿಯಾಯಿತು. ಅಷ್ಟೊಂದು ಗಿಡಗಳ ಹೆಸರು ತಿದ್ದುವ ಗೋಜು ತಪ್ಪಿತೆಂಬುದನ್ನು ಒಪ್ಪುತ್ತೇನೆ. ಆದರೂ ಕರಿಜಾಲಿ ವ್ಯಾಚೆಲಿಯ ಎಂಬ ಬೇರೆ ಕುಲಕ್ಕೂ ಸೀಗೆ ಸೆನೆಗಾಲಿಯ ಎಂಬ ಕುಲಕ್ಕೂ ಸೇರಿ, ಮುಳ್ಳಿನ ಅರ್ಥವಿರುವ ಗ್ರೀಕ್ ಹೆಸರು ಮುಳ್ಳಿಲ್ಲದವುಗಳ ಪಾಲಾದದ್ದು ನನಗೆ ಅನ್ಯಾಯವೆಂದೇ ತೋರುತ್ತದೆ.

ಇನ್ನು ‘ವಾಟಲ್’ ಎಂದರೆ ತಡಿಕೆ. ಬಳುಕುವ ರೆಂಬೆಗಳನ್ನು ಹೆಣೆದು, ಮಣ್ಣು ಮೆತ್ತಿ ವಲಸಿಗರು ಗೋಡೆ ಕಟ್ಟುತ್ತಿದ್ದುದರಿಂದ ಬಂದ ಹೆಸರು. ಅದನ್ನು ಕನ್ನಡಿಸಿದರೆ ಹೂವೇ ಮರೆಯಾಗುತ್ತದೆ.

ಆದ್ದರಿಂದ ಜಾಲಿಯನ್ನು ಮುಳ್ಳಿನ ಗಿಡಗಳಿಗೇ ಮೀಸಲಿಟ್ಟು, ವಾಟಲ್ ಎಂಬುದನ್ನು ಹಾಗೆಯೇ ಉಳಿಸಿಕೊಳ್ಳುವುದು ಲೇಸೆಂದು ನನ್ನ ಒಲವು. ಮಲೆನಾಡಿನವರು ತೋಪಿನ ಅಕೇಶಿಯಕ್ಕೆ ತಮ್ಮದೇ ಹೆಸರೇನಾದರೂ ಇಟ್ಟುಕೊಂಡಿದ್ದಾರೆಯೇ? ಇದ್ದರೆ ದಯವಿಟ್ಟು ಊರಿನ ಹೆಸರಿನೊಂದಿಗೆ ತಿಳಿಸಿ. ಅಕೇಸಿಯ, ಅಕೇಶಿಯ ಎರಡರಲ್ಲಿ ಬರಹಕ್ಕೆ ಯಾವುದು ಸರಿ ಎಂಬುದನ್ನೂ ಬಲ್ಲವರು ಹೇಳಬೇಕು.