ಸ್ಪ್ಯಾನಿಷ್‌ನಾಗ ‘ಕಾಲು ಉಳುಕೇತಿ’ ಅಂತ ಹೆಂಗ ಹೇಳ್ತಾರ?

ಗೈಡ್_ಸಾಣಾಪುರ:
ಆನೆಗೊಂದಿ, ಸಾಣಾಪುರ ಕಡೆ ಬಂಡೆ ಹತ್ತಾಕ ಬರೋರಾಗ ಸ್ಪ್ಯಾನಿಷ್ ಮಾತಾಡೋ ಮಂದಿನೂ ಇರ್ತಾರ. ನಮಸ್ಕಾರ, ಊಟ, ರೇಟು ಇಷ್ಟು ಮಾತು ಬರ್ತೈತಿ. ಬಿದ್ದು ಪೆಟ್ಟಾದಾಗ ಎಲ್ಲಿ ನೋವು, ಏನು ಕಡೀತು ಅಂತ ಕೇಳಾಕ ಎಷ್ಟು ಕಲಿತರ ಸಾಕು? ಇಂಗ್ಲಿಷ್ ಪುಸ್ತಕ ಹಿಡ್ಕೊಂಡು ಕಲಿಯಾಕತ್ತೀನಿ. ‘ನನ್ನ ತಲಿ ನೋಯ್ತೈತಿ’ ಅನ್ನಾಕ ‘ಮಿ ಕಾಬೇಸಾ ದುಎಲೆ’ ಅಂದರ ತಪ್ಪು ಅಂತಾರ, ಯಾಕ?

ರಾಯಚೂರು_ಮಾತುಗಾರ:
ಆ ಪುಸ್ತಕ ಬದಿಗಿಡ್ರಿ. ನೋವಿನ ವಿಷಯದಾಗ ಸ್ಪ್ಯಾನಿಷ್ ನಮ್ಮ ಹಾದೀನೇ ಹಿಡಿತದ. ‘ನನಗ ತಲಿ ನೋಯ್ತದ’ ಅಂತೀವಲ್ಲ, ಹಂಗೇ ‘ಮೆ ದುಎಲೆ ಲಾ ಕಾಬೇಸಾ’. ‘ಮೆ’ ಅಂದ್ರ ನನಗ. ಯಾರ ತಲಿ ಅಂಬೋದು ಅಲ್ಲೇ ತಿಳೀತು, ಮ್ಯಾಲೆ ‘ಮಿ’ (ನನ್ನ) ಬ್ಯಾಡ. ಎರಡಿದ್ರ ‘ಮೆ ದುಎಲೆನ್ ಲೋಸ್ ಓಹೋಸ್’, ಕಣ್ಣು ನೋಯ್ತಾವ. ನಮ್ಮ ನೋಯ್ತದ, ನೋಯ್ತಾವ ಇದ್ದಂಗ.

ಕೇಳೋದು ‘ದೊಂದೆ ಲೆ ದುಎಲೆ?’ ಎಲ್ಲಿ ನೋಯ್ತದ್ರಿ? ‘ಲೆ’ ನಿಮಗ, ‘ತೆ’ ನಿನಗ.

ಎಡವೋದು ಜ್ವರದಾಗ. ‘ನನಗ ಜ್ವರ’ ಅಂತ ಅಲ್ಲೂ ‘ಮೆ’ ಹಚ್ಚಬ್ಯಾಡ್ರಿ. ಜ್ವರ, ಕೆಮ್ಮು ಅವರು ‘ಇಟ್ಕೊಂಡೀನಿ’ ಅಂದಂಗ ಹೇಳ್ತಾರ: ತೆಂಗೊ ಫಿಎಬ್ರೆ, ತೆಂಗೊ ತೋಸ್.

ಬಳ್ಳಾರಿ_ನರ್ಸ್:
ಬಂಡೆ ಹತ್ತೋರಿಗೆ ತಲೆನೋವಿಗಿಂತ ಇವು ಮೊದಲು ಬೇಕು. ಮೆ ಕಾಈ: ಬಿದ್ದೆ. ಮೆ ತೋರ್ಸೀ ಎಲ್ ತೋಬಿಯೊ: ಕಾಲಿನ ಹರಡು ಉಳುಕಿತು. ಮೆ ಕೋರ್ತೇ ಎಲ್ ದೇದೊ: ಬೆರಳು ಕೊಯ್ದುಕೊಂಡೆ. ಈಗಷ್ಟೇ ಬಿದ್ದಿದ್ರೆ ಸ್ಪೇನ್‌ನವರು ‘ಮೆ ಎ ಕಾಈದೊ’ ಅನ್ನೋದೇ ಹೆಚ್ಚು, ಅರ್ಥ ಅದೇ.

ಮೂಳೆ ಮುರಿದ ಅನುಮಾನ ಇದ್ರೆ ‘ಪುಎದೆ ಮೊವೇರ್ ಲೋಸ್ ದೇದೋಸ್?’ ಬೆರಳು ಆಡಿಸೋಕೆ ಆಗುತ್ತಾ? ಕೈಬೆರಳಿಗೂ ಕಾಲ್ಬೆರಳಿಗೂ ಅದೇ ಪದ. ಕಾಲಿಂದಾದ್ರೆ ‘ದೆಲ್ ಪಿಎ’ ಸೇರಿಸಿ. ಬೆರಳು ಆಡಿತು ಅಂದಮಾತ್ರಕ್ಕೆ ಮೂಳೆ ಮುರಿದಿಲ್ಲ ಅಂತ ಬಿಡಬೇಡಿ, ಎಕ್ಸ್‌ರೇ ಬೇಕು.

‘ಮೆ ಪಿಕೋ’ ಅಂದ್ರೆ ನನಗೆ ಕುಟುಕಿತು; ಅದು ಸೊಳ್ಳೆಯೂ ಆಗಬಹುದು, ಚೇಳೂ ಆಗಬಹುದು. ಚೇಳು ‘ಆಲಾಕ್ರಾನ್’. ನಾಯಿ, ಕೋತಿ ಕಚ್ಚಿದ್ರೆ ‘ಮೆ ಮೊರ್ದಿಓ’. ಕೋತಿ ‘ಮೊನೊ’, ಅಂಜನಾದ್ರಿ ದಾರೀಲಿ ಈ ಪದ ಬೇಕೇ ಬೇಕು. ಗಾಯ ಸೋಪು ಹಚ್ಚಿ ಹರಿಯೋ ನೀರಲ್ಲಿ 15 ನಿಮಿಷ ತೊಳೆಸಿ, ರೇಬೀಸ್ ಲಸಿಕೆಗೆ ಕರ್ಕೊಂಡು ಹೋಗಿ.

ಗೈಡ್_ಸಾಣಾಪುರ:
‘ಕೋನ್ಸ್ತಿಪಾದೊ’ ಅಂದರ ಮಲಬದ್ಧತಿ ಹೌದಲ್ರಿ?

ರಾಯಚೂರು_ಮಾತುಗಾರ:
ಸ್ಪೇನ್‌ನವರಾದ್ರ ನೆಗಡಿ! ಮಲಬದ್ಧತಿಗೆ ಅವರು ‘ಎಸ್ತ್ರೆನ್ಯೀದೊ’ ಅಂತಾರ. ಲ್ಯಾಟಿನ್ ಅಮೆರಿಕದ ಹಲವು ಕಡೆ ಮಾತ್ರ ನೀವು ಅಂದಂಗ ಹೊಟ್ಟಿದೇ. ಅದಕ್ಕ ‘ನಾರೀಸ್ ಒ ಬಾರ್ರೀಗಾ?’ ಅಂತ ಕೇಳಿಬಿಡ್ರಿ, ಮೂಗೋ ಹೊಟ್ಟಿಯೋ. ಹೆಣ್ಮಕ್ಕಳಾದ್ರ ಕೊನಿ ‘ಒ’ ಹೋಗಿ ‘ಆ’ ಬರ್ತದ: ಕೋನ್ಸ್ತಿಪಾದಾ.

ಬಳ್ಳಾರಿ_ನರ್ಸ್:
ಗುಳಿಗೆ ಕೊಡೋ ಮುಂಚೆ ಇನ್ನೊಂದು: ‘ಎಸ್ ಆಲೆರ್ಹಿಕೊ ಆ ಆಲ್ಗೂನ್ ಮೆದಿಕಾಮೆಂತೊ?’ ಯಾವುದಾದ್ರೂ ಔಷಧಿಗೆ ಅಲರ್ಜಿ ಇದೆಯಾ? ‘ಪೆನಿಸಿಲೀನಾ’ (ಪೆನಿಸಿಲಿನ್) ಅಂತ ಅವರು ಹೇಳಿದ್ರೆ ಚೀಟೀಲಿ ಬರೆದು ಡಾಕ್ಟರ್ ಕೈಗೆ ಕೊಡಿ.