ಮೊಟ್ಟೆಯಿಡುವ ಮುನ್ನ ಲಾರ್ಜ್‌ಮೌತ್ ಬಾಸ್ ಸರೋವರದಲ್ಲಿ ಎಲ್ಲಿ ನಿಲ್ಲುತ್ತದೆ?

ಅಘನಾಶಿನಿ ದಂಡೆ:

ಎಲ್ಲರಿಗೂ ನಮಸ್ಕಾರ. ನಾನು ಕುಮಟಾ ಸಮೀಪದವನು. ಚಿಕ್ಕಂದಿನಿಂದಲೂ ಅಘನಾಶಿನಿಯ ಹಿನ್ನೀರಿನಲ್ಲಿ ಗಾಳ ಹಾಕುತ್ತ ಬಂದಿದ್ದೇನೆ. ನಾವು ಚೊಣಕ ಎಂದು ಕರೆಯುವ ಸೀಬಾಸ್ ಮೀನಿನ ಬೆನ್ನು ಹತ್ತುವುದು ನನಗೆ ಎಲ್ಲಕ್ಕಿಂತ ಇಷ್ಟ. ಬರುವ ಮಾರ್ಚ್ ಆರಂಭದಿಂದ ಏಪ್ರಿಲ್ ಕೊನೆಯವರೆಗೆ ಅಮೆರಿಕದ ಅಲಬಾಮಾ ರಾಜ್ಯದ ಹಂಟ್ಸ್‌ವಿಲ್‌ನಲ್ಲಿ ಮಗಳ ಮನೆಯಲ್ಲಿರುತ್ತೇನೆ. ಅಲ್ಲಿಗೆ ಹತ್ತಿರದ ಗಂಟರ್ಸ್‌ವಿಲ್ ಸರೋವರ ಲಾರ್ಜ್‌ಮೌತ್ ಬಾಸ್ ಮೀನಿಗೆ ಹೆಸರಾದದ್ದು. ನಾನಿರುವ ಕಾಲವೇ ಆ ಮೀನು ಮೊಟ್ಟೆಯಿಡಲು ಸಿದ್ಧವಾಗುವ ಕಾಲವೆಂದು ಓದಿದ್ದೇನೆ.

ನಮ್ಮಲ್ಲಿ ಮೀನು ಹುಡುಕುವುದೆಂದರೆ ಭರತ ಇಳಿತದ ಲೆಕ್ಕ ಹಿಡಿಯುವುದು. ಇಳಿತ ಶುರುವಾಗಿ ಗಜನಿಯ, ಅಂದರೆ ಹಿನ್ನೀರಿನ ದಂಡೆಯ ಉಪ್ಪುನೀರು ಗದ್ದೆಯ, ತೂಬಿನಿಂದ ನೀರು ಹೊರಬೀಳುವಾಗ ಸಿಗಡಿಯೂ ಸಣ್ಣ ಮೀನೂ ಸೆಳೆತದೊಂದಿಗೆ ಬರುತ್ತವೆ, ಚೊಣಕ ಕೆಳಗಡೆ ಕಾದು ನಿಂತಿರುತ್ತದೆ. ಸರೋವರದಲ್ಲಿ ಆ ಲೆಕ್ಕವೇ ಇಲ್ಲ. ಹಾಗಿರುವಾಗ ಬಾಸ್ ಎಲ್ಲಿ ನಿಂತಿದೆಯೆಂದು ಯಾವುದರಿಂದ ತಿಳಿಯಬೇಕು? ನನ್ನ ಬಳಿ ದೋಣಿ ಇರುವುದಿಲ್ಲ, ದಡದಿಂದಲೇ ಎಸೆಯಬೇಕು. ಯಾವ ಕೃತಕ ಎರೆ ಒಯ್ಯಲಿ? ಇನ್ನೊಂದು ಮಾತನ್ನೂ ಕೇಳಬೇಕು: ಗರ್ಭ ತುಂಬಿದ ಮೀನನ್ನು ಹಿಡಿಯುವುದು ಸರಿಯೇ?

ಸಿರ್ಸಿ ಮೂಲದವ:

ನಾನು ಸಿರ್ಸಿ ತಾಲೂಕಿನವನು, ಈಗ ಬಹಳ ವರ್ಷಗಳಿಂದ ಟೆನೆಸಿಯ ಚಟನೂಗಾದಲ್ಲಿ ನೆಲೆಸಿದ್ದೇನೆ. ಇಲ್ಲಿ ನಮ್ಮೆದುರು ಹರಿಯುವ ಟೆನೆಸಿ ನದಿಯೇ ಮುಂದೆ ಅಲಬಾಮಾಕ್ಕೆ ಇಳಿದು, 1939ರಲ್ಲಿ ಪೂರ್ಣಗೊಂಡ ಅಣೆಕಟ್ಟಿನ ಹಿಂದೆ ನಿಮ್ಮ ಗಂಟರ್ಸ್‌ವಿಲ್ ಸರೋವರವಾಗಿ ಹರಡಿದೆ. ಸುಮಾರು 69,000 ಎಕರೆಯ ಆ ನೀರನ್ನು ಮೊದಲ ಸಲ ನೋಡಿದವರಿಗೆ ಎಲ್ಲಿಂದ ಶುರುಮಾಡಬೇಕೆಂದು ತೋಚುವುದಿಲ್ಲ. ಆದರೆ ವಸಂತದ ಆರಂಭದಲ್ಲಿ ಬಾಸ್ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂಬುದು ಖಚಿತವಾಗಿರುವುದರಿಂದ, ಅದು ಸಾಗುವ ದಾರಿಯನ್ನು ಗುರುತಿಸಿದರೆ ಮೀನು ತಾನಾಗಿ ಸಿಗುತ್ತದೆ.

ಚಳಿಗಾಲವನ್ನು ಅದು ಆಳದಲ್ಲಿ, ಈಗ ನೀರಿನಡಿ ಮುಳುಗಿರುವ ಹಳೆಯ ಹಳ್ಳದ ಪಾತ್ರದ ಅಂಚಿನಲ್ಲಿ ಕಳೆಯುತ್ತದೆ. ಮೊಟ್ಟೆಯಿಡುವುದು ಗಾಳಿಯ ಹೊಡೆತವಿಲ್ಲದ ಕೊಲ್ಲಿಗಳ ಒಳಗೆ, ಗಟ್ಟಿ ನೆಲವಿರುವ, ಹೆಚ್ಚಾಗಿ ಸೊಂಟದಾಳಕ್ಕೆ ಮೀರದ ನೀರಿನಲ್ಲಿ. ಈ ಎರಡರ ನಡುವೆ ಅದು ಒಂದೇ ಸಲಕ್ಕೆ ಸಾಗುವುದಿಲ್ಲ. ಕೊಲ್ಲಿಯ ಬಾಯಿಯಿಂದ ಒಳಗೆ ಹೋದಂತೆ ದಡದಿಂದ ನೀರಿಗೆ ಚಾಚಿಕೊಂಡ ಸಣ್ಣ ಮೂಲೆಗಳು, ಹಳ್ಳದ ಪಾತ್ರ ತಿರುಗಿ ದಡಕ್ಕೆ ಹತ್ತಿರ ಬರುವ ಜಾಗಗಳು, ಜಲಸಸ್ಯದ ಹಾಸು ಮುಗಿದು ಆಳ ಶುರುವಾಗುವ ಗೆರೆ, ಇಂಥ ಕಡೆಗಳಲ್ಲಿ ತಂಗಿ ತಂಗಿ ಮುಂದುವರಿಯುತ್ತದೆ. ತಂಗುದಾಣಕ್ಕೆ ಎರಡು ಗುಣ ಬೇಕು: ಆಳಕ್ಕೆ ಬೇಗ ಮರಳುವ ಅವಕಾಶವಿರಬೇಕು, ಮೊಟ್ಟೆಯಿಡುವ ಜಾಗವೂ ಹತ್ತಿರವಿರಬೇಕು. ಹೀಗೆ ತಂಗಿದಾಗ ಮೀನುಗಳು ಒತ್ತಾಗಿ ಗುಂಪುಗೂಡಿ, ಮುಂದಿನ ಶ್ರಮಕ್ಕಾಗಿ ಹಸಿದು ತಿನ್ನುತ್ತಿರುತ್ತವೆ. ಆದ್ದರಿಂದ ಒಂದು ಮೀನು ಸಿಕ್ಕ ಕಡೆಯಿಂದ ಬೇಗ ಕದಲಬೇಡಿ.

ನಿಮ್ಮ ಭರತ ಇಳಿತದ ಸ್ಥಾನದಲ್ಲಿ ಇಲ್ಲಿರುವುದು ನೀರಿನ ಉಷ್ಣತೆ. ಸುಮಾರು 10 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಮೀನು ಆಳದಿಂದ ಕದಲಲು ಶುರುಮಾಡುತ್ತದೆ. 13ರ ಹೊತ್ತಿಗೆ ಚುರುಕಾಗಿ ತಿನ್ನುತ್ತದೆ. 15ರಿಂದ 18ರ ನಡುವೆ ಗಂಡು ಮೀನುಗಳು ಬಾಲದಿಂದ ನೆಲ ಗುಡಿಸಿ ಗೂಡು ಮಾಡತೊಡಗುತ್ತವೆ. ಅಲ್ಲಿ ಎಲ್ಲವನ್ನೂ ಫ್ಯಾರನ್‌ಹೀಟ್‌ನಲ್ಲಿ ಹೇಳುವುದರಿಂದ 50, 55, 60 ಎಂಬ ಅಂಕಿಗಳನ್ನು ನೆನಪಿಟ್ಟುಕೊಳ್ಳಿ. ಇಡೀ ಸರೋವರ ಒಟ್ಟಿಗೆ ಬೆಚ್ಚಗಾಗುವುದಿಲ್ಲ. ಉತ್ತರ ದಿಕ್ಕಿನ ಕೊಲ್ಲಿಗಳು ದಕ್ಷಿಣದ ಬಿಸಿಲಿಗೆ ಮುಖಮಾಡಿದ್ದು ಬಡಗಣ ಗಾಳಿಯಿಂದ ಮರೆಯಾಗಿರುವುದರಿಂದ ಅಲ್ಲಿನ ನೀರು ಮೊದಲು ಕಾಯುತ್ತದೆ. ಬಿಸಿಲು ಹೀರುವ ಕಲ್ಲಿನ ದಡ, ತುಸು ಕದಡಿದ ನೀರು, ಬೆಚ್ಚಗಿನ ಮಳೆಯಾದ ಮೇಲೆ ತೊರೆ ಬಂದು ಸೇರುವ ಮೂಲೆ ಇವೂ ಹಾಗೆಯೇ. ಈ ಕಾಲದಲ್ಲಿ ನಸುಕಿನಲ್ಲಿ ಏಳುವ ಅಗತ್ಯವಿಲ್ಲ. ನೀರು ಬಿಸಿಲುಂಡ ಮಧ್ಯಾಹ್ನದ ನಂತರದ ಹೊತ್ತೇ ಹೆಚ್ಚಾಗಿ ಫಲ ಕೊಡುತ್ತದೆ.

ಎರೆಯ ವಿಷಯದಲ್ಲಿ ನಾನು ಮೂರನ್ನು ಮಾತ್ರ ಹೇಳುತ್ತೇನೆ. ಗಂಟರ್ಸ್‌ವಿಲ್‌ನಲ್ಲಿ ಹೈಡ್ರಿಲ್ಲಾ, ಮಿಲ್‌ಫಾಯಿಲ್ ಎಂಬ ಜಲಸಸ್ಯಗಳು ವಿಪುಲವಾಗಿವೆ. ಅವುಗಳ ಮೇಲೆ ಲಿಪ್‌ಲೆಸ್ ಕ್ರ್ಯಾಂಕ್‌ಬೈಟ್ (ಎಳೆದಾಗ ನಡುಗುವ, ಮೀನಿನಾಕಾರದ ಗಟ್ಟಿ ಎರೆ) ಎಳೆಯುತ್ತ ಹೋಗಿ, ಅದು ಎಲೆಗೆ ಸಿಕ್ಕಿದ ಕೂಡಲೇ ಕೋಲನ್ನು ಜಗ್ಗಿ ಬಿಡಿಸಿ. ಬಹುಪಾಲು ಹೊಡೆತ ಬೀಳುವುದು ಬಿಡಿಸಿಕೊಂಡ ಆ ಕ್ಷಣದಲ್ಲಿಯೇ. ಸಿಗಡಿಯನ್ನು ಹೋಲುವ ಸಿಹಿನೀರಿನ ಕ್ರೇಫಿಶ್ ಬಾಸ್‌ನ ಮುಖ್ಯ ಆಹಾರಗಳಲ್ಲಿ ಒಂದಾದ್ದರಿಂದ ಕೆಂಪು ಕಂದು ಬಣ್ಣ ಒಳ್ಳೆಯದು. ನೀರು ತಿಳಿಯಾಗಿ ತಣ್ಣಗಿದ್ದರೆ, ಎಳೆಯುವುದು ನಿಂತಾಗ ಮುಳುಗದೆ ತೇಲದೆ ಅಲ್ಲೇ ನಿಲ್ಲುವ ಸಸ್ಪೆಂಡಿಂಗ್ ಜರ್ಕ್‌ಬೈಟ್ ಎಂಬ ಎರೆ ಬಳಸಿ, ಎರಡು ಸಲ ಜಗ್ಗಿ ನಿಲ್ಲಿಸಿ, ನಿಮ್ಮ ತಾಳ್ಮೆ ಒಪ್ಪುವುದಕ್ಕಿಂತ ಹೆಚ್ಚು ಹೊತ್ತು ಹಾಗೆಯೇ ಬಿಡಿ. ಮೂರನೆಯದು ಜಿಗ್, ಅಂದರೆ ತಲೆಗೆ ಭಾರ ಕೂಡಿಸಿದ ಗಾಳ. ಕಲ್ಲಿನ ದಡದಲ್ಲಿ ತಳಕ್ಕೆ ತಾಗಿಸಿ ನಿಧಾನವಾಗಿ ಎಳೆಯಲು ಅದಕ್ಕಿಂತ ಉತ್ತಮವಾದದ್ದು ನನಗೆ ತಿಳಿದಿಲ್ಲ.

ಕಾಳಿ ಅಳಿವೆ:

ನಾನು ಕಾರವಾರದವನು. ಬಾಸ್ ಹಿಡಿದ ಅನುಭವವಿಲ್ಲವಾದರೂ, ಚೊಣಕದ ಅಭ್ಯಾಸವಿರುವವರು ಆ ಸರೋವರಕ್ಕೆ ಹೋಗುವಾಗ ಏನನ್ನು ಇಲ್ಲಿಯೇ ಬಿಟ್ಟುಹೋಗಬೇಕು ಎಂಬುದನ್ನು ಹೇಳುವುದು ಮುಖ್ಯವೆನಿಸಿತು. ಎರಡೂ ಬಾಸ್ ಎನಿಸಿಕೊಂಡರೂ ಅವು ಬೇರೆ ಬೇರೆ ಕುಟುಂಬದ ಮೀನುಗಳು. ನಮ್ಮ ಚೊಣಕ ಮೊಟ್ಟೆಯಿಡಲು ನದಿಯಿಂದ ಕೆಳಗಿಳಿದು ಅಳಿವೆಯ ಉಪ್ಪುನೀರಿಗೆ ಹೋಗುತ್ತದೆ, ಮೊಟ್ಟೆಗಳನ್ನು ನೀರಿನ ಪಾಲಿಗೆ ಬಿಡುತ್ತದೆ. ಲಾರ್ಜ್‌ಮೌತ್ ದಡದ ಕಡೆಗೆ ಬಂದು ಗೂಡು ಮಾಡುತ್ತದೆ, ಗಂಡು ಮೀನು ಮೊಟ್ಟೆಯನ್ನೂ ಮರಿಯನ್ನೂ ಕಾಯುತ್ತದೆ. ಚೊಣಕ ಮೊದಲು ಗಂಡಾಗಿ ಬೆಳೆದು ಕೆಲವು ವರ್ಷಗಳ ನಂತರ ಹೆಣ್ಣಾಗುತ್ತದೆ, ಹಾಗಾಗಿ ನಡುಗಾತ್ರದ ಮೀನನ್ನು ತೆಗೆದರೂ ನಾಳೆಯ ತಾಯಿಯನ್ನು ತೆಗೆದಂತೆ. ಲಾರ್ಜ್‌ಮೌತ್‌ನಲ್ಲಿ ಲಿಂಗ ಬದಲಾಗುವುದಿಲ್ಲ. ಅಲ್ಲಿ ಬಹಳ ದೊಡ್ಡ ಮೀನುಗಳೆಲ್ಲ ಹೆಚ್ಚುಕಡಿಮೆ ಹೆಣ್ಣುಗಳೇ.

ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಅಭಿಪ್ರಾಯ ಇದು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳನ್ನು ದಡದಲ್ಲಿ ನಿಲ್ಲಿಸುವುದರ ಹಿಂದೆ ಮೀನಿನ ಸಂತಾನದ ಕಾಳಜಿಯೂ ಇದೆ. ಆ ವಿವೇಕವನ್ನು ಅಲ್ಲಿಗೂ ಕೊಂಡೊಯ್ಯಬೇಕು. ತಂಗುದಾಣದಲ್ಲಿ ಹಿಡಿದು ಕೂಡಲೇ ನೀರಿಗೆ ಬಿಟ್ಟರೆ ಮೀನು ಮುಂದೆ ಸಾಗಬಲ್ಲದು. ಗೂಡಿನ ಮೇಲೆ ನಿಂತ ಗಂಡನ್ನು ಎಳೆದರೆ ಬ್ಲೂಗಿಲ್‌ನಂಥ ಸಣ್ಣ ಮೀನುಗಳು ಕ್ಷಣದಲ್ಲಿ ಮೊಟ್ಟೆಗಳಿಗೆ ಮುತ್ತುತ್ತವೆ. ಕಾನೂನು ಅವಕಾಶ ಕೊಟ್ಟರೂ ಅದನ್ನು ಮಾಡಬಾರದೆಂದೇ ನಾನು ಹೇಳುತ್ತೇನೆ.

ನಿಮ್ಮ ಅನುಭವದಲ್ಲಿ ಒಂದು ಭಾಗ ಮಾತ್ರ ಅಲ್ಲಿಯೂ ನಡೆಯುತ್ತದೆ. ಅದು ನದಿಗೆ ಕಟ್ಟಿದ ಸರೋವರ. ವಿದ್ಯುತ್ ಉತ್ಪಾದನೆಗೆ ನೀರು ಬಿಡುವಾಗ ಸೆಳೆತ ಹುಟ್ಟಲೇಬೇಕು. ಕೊಲ್ಲಿಗೆ ಅಡ್ಡವಾಗಿ ರಸ್ತೆ ಏರಿ ಹಾಕಿದ ಕಡೆ ಸೇತುವೆಯ ಕಿಂಡಿಯೇ ನಿಮಗೆ ಗಜನಿಯ ತೂಬು.

ಸಿರ್ಸಿ ಮೂಲದವ:

ಕಾಳಿ ಅಳಿವೆಯವರ ಕೊನೆಯ ಮಾತು ದೋಣಿಯಿಲ್ಲದವರಿಗೆ ಬಹಳ ಉಪಯುಕ್ತ. ಗಂಟರ್ಸ್‌ವಿಲ್ ಪಟ್ಟಣದ ಬಳಿ ಬ್ರೌನ್ಸ್ ಕ್ರೀಕ್ ಕೊಲ್ಲಿಯನ್ನು ಹೆದ್ದಾರಿ ಏರಿಯ ಮೇಲೆ ದಾಟುತ್ತದೆ. ಒಳಗೆ ಹೋಗುವ ಮೀನುಗಳಿಗೆ ಸೇತುವೆಯ ಕಿಂಡಿಯೇ ದಾರಿ, ಏರಿಯ ಕಲ್ಲುಗಳಲ್ಲಿ ಕ್ರೇಫಿಶ್ ಇರುತ್ತದೆ. ದಡಕ್ಕೆ ನೇರವಾಗಿ ದೂರ ಎಸೆಯುವ ಬದಲು ಏರಿಯ ಉದ್ದಕ್ಕೆ ಓರೆಯಾಗಿ ಎಸೆದರೆ ಎರೆ ಮೀನಿರುವ ಆಳದಲ್ಲಿಯೇ ಹೆಚ್ಚು ಹೊತ್ತು ಸಾಗುತ್ತದೆ. ಬೇರೆ ರಾಜ್ಯದವರಿಗೂ ವಿದೇಶೀಯರಿಗೂ ಅಲ್ಲಿ ಅನಿವಾಸಿ ಪರವಾನಗಿ ಬೇಕು, ಅದನ್ನು ಆನ್‌ಲೈನ್‌ನಲ್ಲಿ ಪಡೆಯಬಹುದು. ಇಟ್ಟುಕೊಳ್ಳುವ ಮೀನಿನ ಕನಿಷ್ಠ ಉದ್ದದ ನಿಯಮವನ್ನು ಅದೇ ಹೊತ್ತಿಗೆ ಓದಿಕೊಳ್ಳಿ.

ಅಘನಾಶಿನಿ ದಂಡೆ:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಹಿಡಿದದ್ದನ್ನು ಬಿಟ್ಟುಬಿಡುವುದೆಂದು ನಿರ್ಧರಿಸಿದ್ದೇನೆ. ಒಂದು ಸಂಶಯ ಉಳಿದಿದೆ. ಮಾರ್ಚ್‌ನಲ್ಲಿ ಅಲ್ಲಿ ನಾಲ್ಕು ದಿನ ಸೆಕೆ, ಮತ್ತೆ ಇದ್ದಕ್ಕಿದ್ದಂತೆ ಚಳಿ ಎಂದು ಮಗಳು ಹೇಳುತ್ತಾಳೆ. ಚಳಿ ಮರಳಿದಾಗ ಮೀನು ಪುನಃ ಆಳಕ್ಕೆ ಹೋಗಿಬಿಡುತ್ತದೆಯೇ?

ಸಿರ್ಸಿ ಮೂಲದವ:

ಚಳಿಗಾಲದ ಜಾಗದವರೆಗೆ ಹಿಂದಿರುಗುವುದು ಅಪರೂಪ. ಸಾಮಾನ್ಯವಾಗಿ ಹಿಂದಿನ ತಂಗುದಾಣಕ್ಕೆ, ಇಲ್ಲವೇ ಅದೇ ಮೂಲೆಯ ಆಳದ ಬದಿಗೆ ಸರಿದು, ಜಲಸಸ್ಯದ ಅಥವಾ ಕಲ್ಲಿನ ಒತ್ತಿಗೆ ಸೇರಿ ಸುಮ್ಮನಿರುತ್ತದೆ. ಚಳಿಗಾಳಿ ಬರುವ ಮೊದಲು ಮೋಡ ಕವಿದು ವಾಯುಭಾರ ಇಳಿಯುತ್ತಿರುವ ದಿನ ಅತ್ಯುತ್ತಮ, ಅಂದು ಕ್ರ್ಯಾಂಕ್‌ಬೈಟ್ ಹಿಡಿದು ಹೆಚ್ಚು ಜಾಗ ಓಡಾಡಿ. ಚಳಿಗಾಳಿ ಹಾದುಹೋದ ಮರುದಿನದ ಶುಭ್ರ ನೀಲಿ ಆಕಾಶ ನೋಡಲು ಚೆಂದವಿದ್ದರೂ ಮೀನು ಬಾಯಿ ತೆರೆಯದ ದಿನ. ಆಗ ಜಿಗ್ ಒಂದೇ ಸಾಕು, ಎಳೆಯುವ ವೇಗವನ್ನು ಅರ್ಧಕ್ಕಿಳಿಸಿ. ಬೆಚ್ಚಗಿನ ರಾತ್ರಿಗಳು ಸಾಲಾಗಿ ಬಂದರೆ ಮೀನು ಮತ್ತೆ ಒಳಗೆ ಸಾಗುತ್ತದೆ, ಏಕೆಂದರೆ ರಾತ್ರಿ ಎಷ್ಟು ಶಾಖ ಉಳಿಯಿತು ಎಂಬುದೇ ಆಳವಿಲ್ಲದ ನೀರಿನ ಮರುದಿನದ ಸ್ಥಿತಿಯನ್ನು ನಿರ್ಧರಿಸುತ್ತದೆ.

ದಾರಕ್ಕೆ ಕಟ್ಟಿ ಇಳಿಬಿಡಬಹುದಾದ ಅಗ್ಗದ ಉಷ್ಣತಾಮಾಪಕವೊಂದನ್ನು ಕೊಂಡುಕೊಳ್ಳಿ. ಪ್ರತಿ ಸಲವೂ ಏರಿಯ ಎರಡೂ ಬದಿಗಳಲ್ಲಿ ಅಳೆಯಿರಿ. ಒಳಬದಿಯ ನೀರು ಒಂದೆರಡು ಡಿಗ್ರಿ ಹೆಚ್ಚು ಬೆಚ್ಚಗಿದ್ದರೆ ಅಂದು ಅಲ್ಲಿಂದಲೇ ಶುರುಮಾಡಿ.